ಹಿತ್ತಲಿನ ಇಪ್ಪತ್ತೊಂದು ಟಿಎಂಸಿ

ಟಿಎಂಸಿ ಎಂಬ ಮಾತು ಕಿವಿಗೆ ಬೀಳದ ಕನ್ನಡಿಗ ಸಿಗುವುದು ಕಷ್ಟ. ಪತ್ರಿಕೆ ಓದುವ ಅಭ್ಯಾಸ ಇಲ್ಲದವರೂ ಕಾವೇರಿ ಗಲಾಟೆಯ ದಿನಗಳಲ್ಲಿ ಬಸ್‌ಸ್ಟ್ಯಾಂಡಿನ ಹರಟೆಯಲ್ಲಿ ಅದನ್ನು ಕೇಳಿಯೇ ಇರುತ್ತಾರೆ. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲಿಗೆ 14.75 ಟಿಎಂಸಿ ಹೆಚ್ಚಿಗೆ ಸೇರಿಸಿತು. ಅದರಲ್ಲಿ ಬೆಂಗಳೂರಿಗೆಂದೇ 4.75. ದಶಕಗಳ ವ್ಯಾಜ್ಯದ ಕೊನೆಗೆ ಸಿಕ್ಕ ಆ ನೀರನ್ನು ಗೆಲುವೆಂದೇ ಕರೆದೆವು. ಕರೆದದ್ದು ತಪ್ಪೂ ಅಲ್ಲ.

ಆದರೆ ಒಂದು ಟಿಎಂಸಿ ಅಂದರೆ ಎಷ್ಟು ಕೊಡ ಎಂದು ಕೇಳಿದರೆ ನಮ್ಮಲ್ಲಿ ಬಹಳ ಜನ ತಲೆ ಕೆರೆದುಕೊಳ್ಳುತ್ತೇವೆ. ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,832 ಕೋಟಿ ಲೀಟರ್. ಹದಿನೈದು ಲೀಟರಿನ ಪ್ಲಾಸ್ಟಿಕ್ ಕೊಡದಲ್ಲಿ ಅಳೆದರೆ 189 ಕೋಟಿ ಕೊಡ. ಉಣ್ಣದೆ, ಮಲಗದೆ, ಸೆಕೆಂಡಿಗೊಂದು ಕೊಡದಂತೆ ಸುರಿಯುತ್ತ ಕೂತರೆ ಒಂದು ಟಿಎಂಸಿ ಮುಗಿಸಲು ಅರವತ್ತು ವರ್ಷ ಬೇಕು. ಇಪ್ಪತ್ತನೇ ವಯಸ್ಸಿಗೆ ಶುರು ಮಾಡಿದವನು ಎಂಬತ್ತಕ್ಕೆ ಸೊಂಟ ನೆಟ್ಟಗೆ ಮಾಡಬಹುದು.

ಈಗ ಇನ್ನೊಂದು ನೀರಿನ ಲೆಕ್ಕ ಹಾಕೋಣ. 2011ರ ಜನಗಣತಿಯಂತೆ ಕರ್ನಾಟಕದ ಹಳ್ಳಿಗಳಲ್ಲಿದ್ದವರು 3.74 ಕೋಟಿ ಜನ. ಜಲಜೀವನ ಮಿಷನ್, ನಮ್ಮ ರಾಜ್ಯದ ಹೆಸರಿನಲ್ಲಿ ‘ಮನೆ ಮನೆಗೆ ಗಂಗೆ’, ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕು ಎನ್ನುತ್ತದೆ. ಮನೆಯೊಳಗೆ ಬಂದ ನೀರಿನಲ್ಲಿ ಶೇ 80ರಷ್ಟು ಮತ್ತೆ ಹೊರಗೆ ಹೋಗುತ್ತದೆ ಎಂಬುದು ಎಂಜಿನಿಯರುಗಳು ಬಹುಕಾಲದಿಂದ ಹಾಕಿಕೊಂಡು ಬಂದ ಲೆಕ್ಕ. ನಾವು ಕುಡಿಯುವುದು, ಬೇಯಿಸುವುದು, ಆವಿಯಾಗುವುದು ಎಲ್ಲ ಸೇರಿದರೂ ಉಳಿದ ಶೇ 20. ಅಂದರೆ ತಲೆಗೆ 44 ಲೀಟರ್ ಬಚ್ಚಲಿನಿಂದ, ಪಾತ್ರೆ ತೊಳೆಯುವ ಕಲ್ಲಿನಿಂದ, ಶೌಚಾಲಯದಿಂದ ಹೊರಬೀಳುತ್ತದೆ. ಗುಣಿಸಿ ನೋಡಿ: ದಿನಕ್ಕೆ 165 ಕೋಟಿ ಲೀಟರ್. ವರ್ಷಕ್ಕೆ ಸುಮಾರು 21 ಟಿಎಂಸಿ.

ನಾನು ಮೊದಲ ಸಲ ಈ ಲೆಕ್ಕ ಹಾಕಿದಾಗ ಎಲ್ಲೋ ಸೊನ್ನೆ ತಪ್ಪಿದೆ ಎಂದುಕೊಂಡು ಎರಡು ಸಲ ತಾಳೆ ನೋಡಿದೆ. ತಪ್ಪಿರಲಿಲ್ಲ. ಕೃಷ್ಣರಾಜಸಾಗರದ ಪೂರ್ಣ ಸಾಮರ್ಥ್ಯ 49.45 ಟಿಎಂಸಿ. ಹಳ್ಳಿಗಳ ಕೊಳಚೆ ಅದರ ಐದನೇ ಎರಡು ಪಾಲಿಗಿಂತ ಹೆಚ್ಚು. ಕೋರ್ಟಿನಲ್ಲಿ ನಮಗೆ ಹೆಚ್ಚುವರಿ ದಕ್ಕಿದ್ದಕ್ಕಿಂತ ಆರು ಟಿಎಂಸಿ ಜಾಸ್ತಿ. ಇದು ಕಾಗದದ ಲೆಕ್ಕ ಎಂಬುದನ್ನು ಮರೆಯುವಂತಿಲ್ಲ. ನಲ್ಲಿ ಬಂದು ನೀರು ಬಾರದ ಹಟ್ಟಿಗಳು ಇವೆ, ಕರೆಂಟು ಬಂದಾಗ ಮಾತ್ರ ಉಸಿರಾಡುವ ಬೋರ್‌ವೆಲ್‌ಗಳೂ ಇವೆ. ಯೋಜನೆ ಹೇಳಿದಂತೆ ಎಲ್ಲರಿಗೂ 55 ಲೀಟರ್ ಸಿಕ್ಕಿದರೆ ಹುಟ್ಟುವ ನದಿ ಇದು. ನೀರು ತರುವುದಕ್ಕೆ ಪೈಪು ಹಾಕಿದವರು ಹೋಗುವುದಕ್ಕೆ ದಾರಿ ಮಾಡಿದ್ದು ಕಡಿಮೆ. ಬೀದಿ ನಲ್ಲಿಯಿಂದ ಎರಡು ಕೊಡ ಹೊತ್ತು ತರುತ್ತಿದ್ದ ಮನೆಗೆ ಒಳಗೇ ನಲ್ಲಿ ಬಂದ ದಿನವೇ ಹೊರಗಿನ ಮೋರಿಯೂ ದಪ್ಪವಾಯಿತು.

ಈ ನದಿಗೆ ಅಣೆಕಟ್ಟಿಲ್ಲ, ನ್ಯಾಯಮಂಡಳಿಯಿಲ್ಲ, ಬಾಗಿನ ಕೊಡುವವರೂ ಇಲ್ಲ. ಇದು ನದಿ ಎಂದು ಯಾರ ಕಣ್ಣಿಗೂ ಬೀಳದಿರುವುದಕ್ಕೆ ಕಾರಣ ಅದು ಒಂದೆಡೆ ಸೇರುವುದೇ ಇಲ್ಲ ಎಂಬುದು. ಬೆಂಗಳೂರಿನ ಕೊಳಚೆ ಸೇರುತ್ತದೆ, ಹಾಗಾಗಿ ಅದನ್ನು ಪಂಪಿಗೆ ಕೊಟ್ಟು ಹತ್ತಿಸಬಹುದು. 2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದು ಬಿದ್ದದ್ದು ಹಾಗೆ. ಕೆ.ಸಿ. ವ್ಯಾಲಿ ಎಂದು ಊರೆಲ್ಲ ಕರೆಯುವ ಆ ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ಆ ನೀರು ಎಷ್ಟು ಶುದ್ಧ, ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಡವೇ ಎಂಬ ಜಗಳ ಕೋಲಾರದಲ್ಲಿ ಇಂದಿಗೂ ಬಿಸಿಯಾಗಿದೆ. ಹಳ್ಳಿಗಳ 165 ಕೋಟಿ ಲೀಟರ್ ಅದರ ಮೂರೂಮುಕ್ಕಾಲು ಪಟ್ಟು. ಆದರೆ ಅದು ಜನವಸತಿ ಇರುವ 27,397 ಊರುಗಳಲ್ಲಿ ಚೆಲ್ಲಿಹೋಗಿದೆ. ಸರಾಸರಿ ತೆಗೆದರೆ ಊರಿಗೆ 1,370 ಜನವೂ ಬೀಳುವುದಿಲ್ಲ.

ಹಾಗಾಗಿ ಸಾವಿರ ಜನರ ಒಂದು ಊರನ್ನು ಇಟ್ಟುಕೊಳ್ಳೋಣ. ಇನ್ನೂರು ಮನೆ, ಮನೆಗೆ ಐದು ಜನ. ದಿನಕ್ಕೆ ಹೊರಬೀಳುವುದು 44,000 ಲೀಟರ್.

ಕೊಳಚೆ ಎಂದರೆ ಹೊಲಸೇ ತುಂಬಿದ ಪದಾರ್ಥ ಎಂದು ಮೂಗು ಹೇಳುತ್ತದೆ. ತಕ್ಕಡಿ ಬೇರೆ ಹೇಳುತ್ತದೆ. ಪಟ್ಟಣದ ಕೊಳಚೆಯಲ್ಲಿ ಸಾವಿರ ಪಾಲಿಗೆ 999 ಪಾಲು ಬರೀ ನೀರು. ಹಳ್ಳಿಯವರು ನೀರು ಕಡಿಮೆ ಬಳಸುವುದರಿಂದ ಅವರದು ತುಸು ಗಟ್ಟಿ; ದುಪ್ಪಟ್ಟು ಎಂದೇ ಇಟ್ಟುಕೊಳ್ಳಿ. ಆಗಲೂ 44,000 ಲೀಟರಿನಲ್ಲಿ ನಿಜವಾದ ಕೊಳೆ 88 ಕಿಲೋ. ಸಾವಿರ ಜನ ಇಡೀ ದಿನ ಮಿಂದು, ಉಂಡು, ತೊಳೆದು, ಬಟ್ಟೆ ಒಗೆದು ಬಿಟ್ಟ ಕಶ್ಮಲ ಎರಡು ಯೂರಿಯಾ ಚೀಲದೊಳಗೆ ಹಿಡಿಯುತ್ತದೆ. ನಾಲ್ಕು ಟ್ಯಾಂಕರಿನಷ್ಟು ನೀರನ್ನು ನಾವು ಎರಡು ಚೀಲಕ್ಕೋಸ್ಕರ ಕೈಬಿಡುತ್ತಿದ್ದೇವೆ.

ಹಾಗೆಂದು ಆ ಎರಡು ಚೀಲ ಸಾಮಾನ್ಯದ್ದಲ್ಲ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಒಂದು ಲೀಟರ್ ಒಳ್ಳೆಯ ಕೆರೆ ನೀರಿನಲ್ಲಿ ಕರಗಿರುವುದು ಎಂಟು ಮಿಲಿಗ್ರಾಂ. ಮೀನು ಹುಟ್ಟಿನಿಂದಲೇ ಬಡತನದಲ್ಲಿ ಉಸಿರಾಡುವ ಜೀವ. ನಮಗೆ ಸಿಗುವುದರ ಮೂವತ್ತರಲ್ಲೊಂದು ಪಾಲಿನಲ್ಲಿ ಸಂಸಾರ ಮಾಡುತ್ತದೆ. ಇತ್ತ ಒಬ್ಬ ಮನುಷ್ಯನ ಒಂದು ದಿನದ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಅರಗಿಸಲು ನಮ್ಮ ದೇಶದ ಲೆಕ್ಕದಲ್ಲಿ ಹಿಡಿಯುವ ಆಮ್ಲಜನಕ ಸುಮಾರು 34 ಗ್ರಾಂ. ಎಂಟು ಮಿಲಿಗ್ರಾಮಿನಂತೆ ಅದನ್ನು ಕೂಡಿಸಲು 4,250 ಲೀಟರ್ ಶುದ್ಧ ನೀರನ್ನು ಹಿಂಡಿ ಬರಿದು ಮಾಡಬೇಕು. ಸಾವಿರ ಜನರಿಗೆ ನಲವತ್ತೆರಡೂವರೆ ಲಕ್ಷ ಲೀಟರ್. ಎರಡೂವರೆ ಎಕರೆಯಲ್ಲಿ ಒಂದು ಮೀಟರ್ ಆಳ ನೀರು ನಿಂತಿರುವ ಕಟ್ಟೆಯನ್ನು ನೆನೆದುಕೊಳ್ಳಿ, ಅದರಲ್ಲಿರುವುದು ಒಂದು ಕೋಟಿ ಲೀಟರ್. ಗಾಳಿ ಮತ್ತು ಪಾಚಿ ಮತ್ತೆ ಉಸಿರು ತುಂಬದೇ ಹೋದರೆ ಎರಡು ಚೀಲ ಕೊಳೆ ಅದನ್ನು ಎರಡೂವರೆ ದಿನದಲ್ಲಿ ಉಸಿರುಗಟ್ಟಿಸುತ್ತದೆ. ಬೇಸಿಗೆಯ ಬೆಳಿಗ್ಗೆ ಊರ ಕಟ್ಟೆಯಲ್ಲಿ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದರೆ ಯಾರೋ ವಿಷ ಹಾಕಿದರು ಎಂದು ಪಕ್ಕದ ಓಣಿಯವರ ಮೇಲೆ ಅನುಮಾನ ಬರುತ್ತದೆ. ಎಷ್ಟೋ ಸಲ ಹಾಕಿದವರು ನಾವೇ, ಎಲ್ಲರೂ, ದಿನಕ್ಕೆ 34 ಗ್ರಾಮಿನಂತೆ.

ಇನ್ನು ಆ ಕೊಳೆಯಲ್ಲಿರುವ ಪ್ರಜೆಗಳ ಗಣತಿ. ಒಂದು ಗ್ರಾಂ ಮಲದಲ್ಲಿ ಸುಮಾರು ಹತ್ತು ಸಾವಿರ ಕೋಟಿ ಬ್ಯಾಕ್ಟೀರಿಯಾ. ಒಬ್ಬ ಮನುಷ್ಯ ದಿನಕ್ಕೆ ಬಿಡುವುದು 130 ಗ್ರಾಂ ಎಂದರೆ 13 ಲಕ್ಷ ಕೋಟಿ ಜೀವ. ಒಂದೊಂದೂ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಉದ್ದ. ಒಂದರ ಹಿಂದೊಂದು ಸಾಲಾಗಿ ನಿಲ್ಲಿಸಿದರೆ ಸಾಲು 13,000 ಕಿಲೋಮೀಟರ್. ಭೂಮಿಯ ವ್ಯಾಸ 12,742 ಕಿಲೋಮೀಟರ್. ನಮ್ಮ ಅಂಗಳದಲ್ಲಿ ತೂತು ಕೊರೆದು ಇಳಿಬಿಟ್ಟರೆ ಆ ಸಾಲಿನ ತುದಿ ಆಚೆ ಕಡೆ ಇಣುಕುತ್ತದೆ. ಇಡೀ ಊರಿನ ಒಂದು ದಿನದ ಸಾಲು ಚಂದ್ರನಿಗೆ ಹದಿನೇಳು ಸಲ ಹೋಗಿ ಬರುವಷ್ಟು. ಎಲ್ಲವೂ ರೋಗದವಲ್ಲ, ಬಹುಪಾಲು ನಮ್ಮ ಕರುಳಿನ ಸಾಧು ಬಾಡಿಗೆದಾರರು. ಆದರೆ ಅವರ ನಡುವೆ ಟೈಫಾಯ್ಡಿನದೋ ಕಾಲರಾದ್ದೋ ಕೆಲವು ನುಸುಳಿದ್ದರೆ ಆ ಜನಜಂಗುಳಿಯಲ್ಲಿ ಹುಡುಕುವವರಾರು?

ಬ್ಯಾಕ್ಟೀರಿಯಾಕ್ಕಿಂತ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿದ್ದು ದುಂಡುಹುಳು, ನಮ್ಮ ಕಡೆಯ ಜಂತುಹುಳು. ಕರುಳಿನಲ್ಲಿ ಮನೆ ಮಾಡಿದ ಒಂದು ಹೆಣ್ಣು ದಿನಕ್ಕೆ ಎರಡು ಲಕ್ಷ ಮೊಟ್ಟೆ ಇಡಬಲ್ಲದು. ವರ್ಷಕ್ಕೆ 7.3 ಕೋಟಿ. 2011ರಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಒಂದು ಹುಳು, ಒಂದು ವರ್ಷ, ರಾಜ್ಯದ ಪ್ರತಿಯೊಬ್ಬರಿಗೂ ಒಂದೊಂದು ಮೊಟ್ಟೆ ಹಂಚಿ ಇನ್ನೂ ಕೋಟಿ ಮಿಕ್ಕುತ್ತದೆ. ಆ ಮೊಟ್ಟೆಯ ಕವಚ ಎಷ್ಟು ಗಟ್ಟಿ ಎಂದರೆ ಒದ್ದೆ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂರುತ್ತದೆ. ಇದಕ್ಕೆ ಎದುರಾಗಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ನೋಡಿ: ಹೊಲಕ್ಕೆ ಬಿಡುವ ಕೊಳಚೆ ನೀರಿನಲ್ಲಿ ಲೀಟರಿಗೆ ಒಂದೇ ಒಂದು ಮೊಟ್ಟೆ ಇರಬಹುದು. ಎರಡು ಲಕ್ಷ ಒಂದು ಕಡೆ, ಒಂದು ಇನ್ನೊಂದು ಕಡೆ. ಈ ಮಿತಿ ಮುಟ್ಟಲು ದೊಡ್ಡ ಯಂತ್ರ ಬೇಕಿಲ್ಲ ಎಂಬುದು ಇನ್ನೂ ಸೋಜಿಗ. ಮೊಟ್ಟೆ ನೀರಿಗಿಂತ ಭಾರ. ಹೊಂಡದಲ್ಲಿ ಎಂಟು-ಹತ್ತು ದಿನ ಅಲುಗಾಡದೆ ನಿಲ್ಲಿಸಿದರೆ ತಾನೇ ತಳ ಸೇರುತ್ತದೆ. ತಳದ ಕೆಸರನ್ನು ಆಮೇಲೆ ಯಾರು ಎತ್ತುತ್ತಾರೆ, ಎತ್ತಿ ಎಲ್ಲಿ ಹಾಕುತ್ತಾರೆ ಎಂಬುದಷ್ಟೇ ಉಳಿದ ಪ್ರಶ್ನೆ.

ಹೀಗೆ ಒಂದೊಂದೇ ಅಂಕಿ ಕೇಳುತ್ತ ಹೋದರೆ ಸಾವಿರ ಜನರ ಊರು ತನ್ನ ಕೊಳಚೆಯನ್ನು ತಾನೇ ಅರಗಿಸಿಕೊಳ್ಳುವುದು ಆಗದ ಮಾತು ಎನಿಸುತ್ತದೆ. ಆದರೆ ಇನ್ನೊಂದು ಕಡೆಯ ಸೈನ್ಯವನ್ನು ನಾವಿನ್ನೂ ಎಣಿಸಿಲ್ಲ.

ಅನುಕೂಲ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಒಂದೇ ಒಂದರಿಂದ ಶುರುವಾಗಿ ಹದಿಮೂರೂವರೆ ಗಂಟೆಯಲ್ಲಿ ಒಂದು ಗ್ರಾಂ. ಹಾಗೇ ಬಿಟ್ಟರೆ ಎರಡು ದಿನ ತುಂಬುವ ಮೊದಲೇ ಭೂಮಿಯ ತೂಕ. ಹಾಗಾಗದಿರುವುದು ಹಸಿವಿನಿಂದ. ಕೊಳಚೆ ಶುದ್ಧೀಕರಣ ಎಂದು ನಾವು ದೊಡ್ಡ ಹೆಸರಿಟ್ಟು ಕರೆಯುವ ಕೆಲಸದ ಗುಟ್ಟು ಇಷ್ಟೇ: ಕೊಳೆ ತಿನ್ನುವ ಬಾಯಿಗಳನ್ನು ಹೆಚ್ಚಿಸಿ, ಕೊಳೆ ಮುಗಿಯುವ ತನಕ ಕಾಯುವುದು. ಮುಗಿದ ಮೇಲೆ ಅವು ಒಂದನ್ನೊಂದು ತಿನ್ನುತ್ತವೆ, ಅವನ್ನು ಇನ್ನೂ ದೊಡ್ಡ ಏಕಕೋಶಜೀವಿಗಳು ತಿನ್ನುತ್ತವೆ. ನೀರು ತಿಳಿಯಾಗುವುದು ಆ ಬರಗಾಲದ ಫಲ. ಪಟ್ಟಣದ ಘಟಕದಲ್ಲಿ ಈ ಬಾಯಿಗಳಿಗೆ ಉಸಿರು ಕೊಡಲು ಹಗಲೂ ರಾತ್ರಿ ಕರೆಂಟಿನಲ್ಲಿ ಗಾಳಿ ಊದುತ್ತಾರೆ. ಹಳ್ಳಿಯಲ್ಲಿ ಆ ಕರೆಂಟಿನ ಬಿಲ್ಲು ಕಟ್ಟುವವರಿಲ್ಲ. ಬೇಕಾಗಿಯೂ ಇಲ್ಲ, ಬಾಯಿಗಳಿಗೆ ಕೂರಲು ಜಾಗ ಕೊಟ್ಟರೆ ಸಾಕು.

ಜಾಗ ಎಂದರೆ ಎಷ್ಟು? ಮೂರು ಸೆಂಟಿಮೀಟರಿನ ಜಲ್ಲಿ ತಗೊಳ್ಳಿ, ಮನೆ ಕಟ್ಟುವವರು ರಸ್ತೆಗೆ ಅಡ್ಡ ಸುರಿಯುವಂಥದು. ಒಂದು ಘನ ಮೀಟರ್ ಜಲ್ಲಿ, ಅಂದರೆ ಒಂದು ಟ್ರ್ಯಾಕ್ಟರ್ ಗಾಡಿಯೂ ತುಂಬದಷ್ಟು. ಕಲ್ಲುಗಳನ್ನು ಗುಂಡು ಎಂದೇ ಹಿಡಿದು ಎಲ್ಲದರ ಮೈಯನ್ನೂ ಸುಲಿದು ಹಾಸಿದರೆ ಸುಮಾರು 120 ಚದರ ಮೀಟರ್ ಆಗುತ್ತದೆ. ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿಗಿಂತ ದೊಡ್ಡದು! ಆ ಸೈಟಿನ ತುಂಬ ಲೋಳೆಯ ತೆಳು ಪೊರೆ ಕಟ್ಟಿಕೊಂಡು ಕೋಟಿ ಕೋಟಿ ಬ್ಯಾಕ್ಟೀರಿಯಾಗಳು ಬಾಡಿಗೆ ಕೊಡದೆ ಕೂತು ಹಾದುಹೋಗುವ ನೀರಿನಿಂದ ತುತ್ತು ಕಿತ್ತುಕೊಳ್ಳುತ್ತವೆ. ಜಲ್ಲಿಯ ನಡುವೆ ಜೊಂಡು, ಕಾಬಾಳೆ ನೆಟ್ಟರೆ ಬೇರುಗಳು ಇನ್ನಷ್ಟು ಸೈಟು ಮಾಡಿಕೊಡುತ್ತವೆ. ಮಣ್ಣಂತೂ ಜಲ್ಲಿಗೆ ದೊಡ್ಡಣ್ಣ. ಫಲವತ್ತಾದ ಒಂದು ಚಮಚ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ ನೂರು ಕೋಟಿಯ ಲೆಕ್ಕದಲ್ಲಿವೆ.

ನಮ್ಮ ಪಂಚಾಯಿತಿಗಳು ಉದ್ಯೋಗ ಖಾತರಿಯಲ್ಲಿ ತೋಡಿಸುತ್ತಿರುವ ‘ಬಚ್ಚಲು ಗುಂಡಿ’ಯ ತಳದಲ್ಲಿರುವುದು ಈ ಲೆಕ್ಕವೇ. ತಲೆಗೆ 44 ಲೀಟರಿನಲ್ಲಿ ಶೌಚಾಲಯದ ಹತ್ತನ್ನು ಬೇರೆ ಮಾಡಿದರೆ 34 ಲೀಟರ್ ಬಚ್ಚಲ ನೀರು, ಐದು ಜನರ ಮನೆಗೆ 170. ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಆಳದ ಗುಂಡಿಯ ನಾಲ್ಕೂ ಗೋಡೆ ಸೇರಿದರೆ ಐದೂಮುಕ್ಕಾಲು ಚದರ ಮೀಟರ್ ದಾಟುತ್ತದೆ. ಮರಳು ಮಿಶ್ರಿತ ಕೆಂಪು ಮಣ್ಣು ಚದರ ಮೀಟರಿಗೆ ದಿನಕ್ಕೆ ಸುಮಾರು 30 ಲೀಟರ್ ಹೀರಬಲ್ಲದು. ಗುಣಿಸಿದರೆ 173. ಬರುವುದು 170, ಹೀರುವುದು 173! ತುಮಕೂರು, ಕೋಲಾರದ ಕೆಂಪು ನೆಲದಲ್ಲಿ ಆ ನಾಲ್ಕಡಿ ಗುಂಡಿ ಯಾರೋ ಅಳೆದು ಹೊಲಿದ ಅಂಗಿಯಂತೆ ಕೂರುತ್ತದೆ.

ಅದೇ ಅಂಗಿಯನ್ನು ಎರೆಮಣ್ಣಿನ ಊರಿಗೆ ತೊಡಿಸಿದರೆ? ಜಿಗುಟು ಮಣ್ಣು ಹೀರುವುದು ಚದರ ಮೀಟರಿಗೆ ಹತ್ತು ಲೀಟರ್. ಗುಂಡಿಗೆ 58 ಲೀಟರ್ ಹಿಡಿಸುತ್ತದೆ, ಉಳಿದ 112 ಲೀಟರ್ ವಾಪಸು ಅಂಗಳಕ್ಕೆ. ಎರೆ ಪದರ ದಾಟಿ ಕೆಳಗಿನ ಗರಸು ಮುಟ್ಟಿಸಿದರೆ ಮಾತು ಬೇರೆ. ನಕ್ಷೆಯಲ್ಲಿ ನಾಲ್ಕಡಿ ಎಂದಿದೆ ಎಂದು ನಾಲ್ಕಡಿಗೇ ಗುದ್ದಲಿ ಕೆಳಗಿಟ್ಟರೆ ಅದು ಗುಂಡಿಯಲ್ಲ, ಸೊಳ್ಳೆಯ ತೊಟ್ಟಿಲು. ಕ್ಯೂಲೆಕ್ಸ್ ಸೊಳ್ಳೆಗೆ ಬೇಕಾದದ್ದು ಇಂಥ ಕೊಚ್ಚೆಯೇ. ಒಂದು ಸಲಕ್ಕೆ ನೂರರಿಂದ ಮುನ್ನೂರು ಮೊಟ್ಟೆಯ ತೆಪ್ಪ ಕಟ್ಟಿ ತೇಲಿಬಿಡುತ್ತದೆ. ಆನೆಕಾಲು ರೋಗ ಹರಡುವುದು ಅದೇ ಸೊಳ್ಳೆ, ಆ ರೋಗ ಬೇರೂರಿದ ಜಿಲ್ಲೆಗಳ ಪಟ್ಟಿಯಲ್ಲಿ ಬೀದರ್, ಕಲಬುರಗಿ, ಯಾದಗಿರಿ ಇವೆ. ಇಡೀ ರಾಜ್ಯಕ್ಕೆ ಒಂದೇ ಅಳತೆ ಬರೆದು ಕಳಿಸುವವರಿಗೆ ನನ್ನ ತಕರಾರು ಇಷ್ಟೇ: ಬಚ್ಚಲು ಎಣಿಸುವ ಮೊದಲು ಮಣ್ಣು ಮುಟ್ಟಿ ನೋಡಿ. ಎರೆ ನೆಲದಲ್ಲಿ ಮೋರಿಗಳನ್ನು ಊರಾಚೆ ಒಂದು ಹೊಂಡಕ್ಕೆ ಸೇರಿಸುವುದೇ ಮೇಲು. ಸಾವಿರ ಜನರ 34,000 ಲೀಟರನ್ನು ಇಪ್ಪತ್ತು ದಿನ ನಿಲ್ಲಿಸಲು, ನಾಲ್ಕಡಿ ಆಳಕ್ಕೆ, ಬೇಕಾದ ನೆಲ ಆರು ಗುಂಟೆಯೂ ಇಲ್ಲ. ಬಿಸಿಲು ಪುಕ್ಕಟೆ, ಪಾಚಿ ಪುಕ್ಕಟೆ, ಪಾಚಿ ಬಿಡುವ ಆಮ್ಲಜನಕವೂ ಪುಕ್ಕಟೆ. ಆ ಆರು ಗುಂಟೆ ಯಾರ ಒತ್ತುವರಿಯಲ್ಲಿದೆ ಎಂಬುದನ್ನು ಮಾತ್ರ ಯಾವ ಸೂತ್ರವೂ ಹೇಳುವುದಿಲ್ಲ.

ಶೌಚಾಲಯದ ಪಾಲು ಇನ್ನೂ ಉಳಿದಿದೆ. ಜೋಡಿಗುಂಡಿ ಶೌಚಾಲಯದ ಲೆಕ್ಕ ನೋಡಿ. ಐದು ಜನ, ತಲೆಗೆ ದಿನಕ್ಕೆ ಹತ್ತು ಲೀಟರ್, ವರ್ಷಕ್ಕೆ 18,250 ಲೀಟರ್ ಒಂದು ಗುಂಡಿಯೊಳಗೆ ಇಳಿಯುತ್ತದೆ. ವರ್ಷದ ಕೊನೆಗೆ ತಳದಲ್ಲಿ ಉಳಿಯುವುದು ಇನ್ನೂರು ಲೀಟರಿನಷ್ಟು, ಅಂಗಡಿಯಲ್ಲಿ ಸಿಗುವ ಒಂದು ನೀಲಿ ಡ್ರಮ್ಮು. ಉಳಿದದ್ದು ನೀರಾಗಿ ಮಣ್ಣಿಗೆ, ಅನಿಲವಾಗಿ ಗಾಳಿಗೆ. ಮೂರು ವರ್ಷಕ್ಕೆ ತುಂಬಿದ ಗುಂಡಿಯನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸಿದರೆ, ಮುಚ್ಚಿದ್ದು ಒಂದೆರಡು ವರ್ಷದಲ್ಲಿ ಒಣಗಿ ಪುಡಿಯಾಗುತ್ತದೆ. ಎರಡು ಲಕ್ಷದ ಹುಳುವಿನ ಮೊಟ್ಟೆಯೂ ಆ ಕತ್ತಲಿನಲ್ಲಿ ಕಾದು ಕಾದು ಸೋಲುತ್ತದೆ. 2017ರ ಫೆಬ್ರುವರಿಯಲ್ಲಿ ಕೇಂದ್ರದ ಕುಡಿಯುವ ನೀರು ಮತ್ತು ನೈರ್ಮಲ್ಯ ಕಾರ್ಯದರ್ಶಿಯಾಗಿದ್ದ ಪರಮೇಶ್ವರನ್ ಅಯ್ಯರ್ ತೆಲಂಗಾಣದ ವಾರಂಗಲ್ ಸಮೀಪದ ಗಂಗದೇವಿಪಲ್ಲಿಯಲ್ಲಿ ಇಂಥ ಗುಂಡಿಗೆ ಇಳಿದು ಗೊಬ್ಬರ ಎತ್ತಿದರು. ಶತಮಾನಗಳ ಕಾಲ ಈ ಕೆಲಸವನ್ನು ಕೆಲವೇ ಜಾತಿಯವರ ತಲೆಗೆ ಕಟ್ಟಿದ ದೇಶದಲ್ಲಿ ಕೇಂದ್ರದ ಕಾರ್ಯದರ್ಶಿಯೊಬ್ಬ ಗುಂಡಿಗಿಳಿದದ್ದು ಸಣ್ಣ ಸುದ್ದಿಯಲ್ಲ. ಎರಡನೇ ಗುಂಡಿಯನ್ನು ‘ಉಳಿತಾಯ’ಕ್ಕೆಂದು ಬಿಟ್ಟು ಒಂದೇ ದೊಡ್ಡ ಗುಂಡಿ ತೋಡಿಸುವ ಮನೆಗಳು ಇಂದಿಗೂ ಎಷ್ಟೋ ಇವೆ. ಅದು ತುಂಬಿದ ದಿನ ಹಸಿಯನ್ನೇ ಎತ್ತಬೇಕು. ಯಂತ್ರದ ಲಾರಿ ಬಂದರೆ ಪುಣ್ಯ, ಬಾರದಿದ್ದರೆ ಯಾರನ್ನು ಕರೆಯುತ್ತಾರೆ ಎಂಬುದು ಊರಿಗೆಲ್ಲ ಗೊತ್ತು.

ಆ ಪುಡಿಯ ಬೆಲೆ ಕಟ್ಟುವವರಿಗೆ ಒಂದು ಅಂಕಿ. ನಮ್ಮ ದೇಶದಲ್ಲಿ ಒಬ್ಬ ಮನುಷ್ಯ ವರ್ಷಕ್ಕೆ ಮಲಮೂತ್ರದಲ್ಲಿ ಬಿಡುವ ಸಾರಜನಕ ಸುಮಾರು 2.7 ಕಿಲೋ, ಅದರಲ್ಲಿ ಬಹುಪಾಲು ಮೂತ್ರದಲ್ಲೇ. ಸಾವಿರ ಜನರ ಊರು ಬಿಡುವುದು 2,700 ಕಿಲೋ, 45 ಕಿಲೋದ ಯೂರಿಯಾ ಚೀಲದ ಲೆಕ್ಕದಲ್ಲಿ 130 ಚೀಲ. ರಾಜ್ಯದ ಹಳ್ಳಿಗಳೆಲ್ಲ ಸೇರಿದರೆ 49 ಲಕ್ಷ ಚೀಲ ಹತ್ತಿರ. ಅಷ್ಟೂ ಹೊಲ ತಲುಪುವುದಿಲ್ಲ; ಒಂದಿಷ್ಟು ಗಾಳಿಗೆ ಹಾರುತ್ತದೆ, ಇನ್ನೊಂದಿಷ್ಟು ನೈಟ್ರೇಟಾಗಿ ಅದೇ ಊರಿನ ಬೋರ್‌ವೆಲ್ಲಿಗೆ ಇಳಿಯುತ್ತದೆ. ಮುಂಗಾರು ಬಿದ್ದ ವಾರ ಸೊಸೈಟಿಯ ಮುಂದೆ ಚಪ್ಪಲಿ ಸಾಲಿಟ್ಟು ಯೂರಿಯಾಕ್ಕೆ ಕಾಯುವ ರೈತನ ಕಾಲಡಿಯೇ ಇದು ನಡೆಯುತ್ತಿರುತ್ತದೆ.

ನಮ್ಮಜ್ಜಿಗೆ ಇದ್ಯಾವುದೂ ತಿಳಿದಿರಲಿಲ್ಲ. ಬಾವಿಯಿಂದ ದಿನಕ್ಕೆ ಹತ್ತು ಕೊಡ ಸೇದುತ್ತಿದ್ದಳು. ಬಚ್ಚಲಿನ ತೂಬಿನಿಂದ ಹಿತ್ತಲಿಗೆ ಸಣ್ಣ ಕಾಲುವೆ, ಅದರ ಎರಡೂ ಪಕ್ಕ ಕೆಸುವಿನ ಸೊಪ್ಪು, ಮುಂದೆ ಬಾಳೆ. ಬಾಳೆ ಆರೇ ಇರುತ್ತಿದ್ದವು. ಏಳನೆಯ ಕಂದು ಎದ್ದರೆ ಕುಡುಗೋಲಿನಲ್ಲಿ ಕಡಿದು ಎಮ್ಮೆಗೆ ಹಾಕುತ್ತಿದ್ದಳು. ಯಾಕಜ್ಜಿ ಎಂದರೆ ‘ನೀರು ಸಾಲಾಕಿಲ್ಲ’ ಅನ್ನುವಳು. ಈ ಲೇಖನಕ್ಕೆಂದು ಅಂಕಿಗಳನ್ನು ಹಾಕುತ್ತ ಕೂತಾಗ ಅದು ನೆನಪಾಯಿತು. ಹತ್ತು ಕೊಡ, 150 ಲೀಟರ್. ಶೇ 80 ಹೊರಗೆ ಬಂದರೆ 120. ಗೊನೆ ಹೊತ್ತ ಬಾಳೆಗೆ ಬೇಸಿಗೆಯಲ್ಲಿ ದಿನಕ್ಕೆ ಇಪ್ಪತ್ತು ಲೀಟರ್ ಬೇಕು. ಭಾಗಿಸಿದೆ. ಆರು ಬಂತು.